ಕುದಿಸಿ ಮಾಡೋ ಸೋಪಿನ ಕಥೆ: ಅಲೆಪ್ಪೋದ ಕಡಾಯಿಯಿಂದ ನಮ್ಮ ಅಡುಗೆಮನೆ ತನಕ

ಇವತ್ತಿನ ವಿಷಯ ಸೋಪು. ಅದರಲ್ಲೂ ಮನೆಯಲ್ಲೇ ಕುದಿಸಿ ಮಾಡೋ ಸೋಪು, ಅಂದ್ರೆ ಹಾಟ್ ಪ್ರೋಸೆಸ್ ಸೋಪು.

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲಿಗೆ ಹೋದ್ರೂ ಅಪಾರ್ಟ್‌ಮೆಂಟಿನ ಭಾನುವಾರದ ಸಂತೆಯಲ್ಲಿ ಒಂದು ಮೇಜು ಇದ್ದೇ ಇರುತ್ತೆ. ಬ್ರೌನ್ ಪೇಪರ್ ಸುತ್ತಿದ ಸೋಪು, ಮೇಲೆ ಒಂದು ಒಣಗಿದ ಗುಲಾಬಿ ಎಸಳು, ಜೊತೆಗೊಂದು ಚೀಟಿ: "ಕೆಮಿಕಲ್ ಇಲ್ಲದ, ಕಾಸ್ಟಿಕ್ ಇಲ್ಲದ ಸೋಪು". ಈ ಚೀಟಿಯಲ್ಲಿರೋ ಮಾತು ನಿಜವಾ ಅಂತ ಕೇಳ್ತಾ ಹೋದ್ರೆ ನಾಲ್ಕು ಸಾವಿರ ವರ್ಷದ ಇತಿಹಾಸ ಬಿಚ್ಚಿಕೊಳ್ಳುತ್ತೆ. ಅದನ್ನ ನೋಡೋಣ. ಕೊನೆಯಲ್ಲಿ, ಮನೆಯಲ್ಲಿ ಶುರು ಮಾಡೋರಿಗೆ ಅಳತೆ ಸಮೇತ ವಿಧಾನ ಹೇಳ್ತೀನಿ.

ಮೊದಲು ಒಂದು ತಪ್ಪು ಕಲ್ಪನೆ ಪಕ್ಕಕ್ಕಿಡೋಣ. ಮನೆ ಸೋಪಿನ ಲೋಕದಲ್ಲಿ ಎರಡು ದಾರಿ. ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸಿ, ಅಚ್ಚಿಗೆ ಸುರಿದು, ನಾಲ್ಕರಿಂದ ಆರು ವಾರ ಸುಮ್ಮನೆ ಬಿಡೋದು ಕೋಲ್ಡ್ ಪ್ರೋಸೆಸ್. ಅದೇ ಮಿಶ್ರಣವನ್ನ ಒಲೆ ಮೇಲೆ ಬೇಯಿಸಿ ಅವತ್ತೇ ಸೋಪು ಮಾಡಿಬಿಡೋದು ಹಾಟ್ ಪ್ರೋಸೆಸ್. ತುಂಬಾ ಜನ ಕೋಲ್ಡ್ ಅನ್ನೋದು ಹಳೇ ಕಾಲದ ಶುದ್ಧ ಪದ್ಧತಿ, ಹಾಟ್ ಅನ್ನೋದು ಅರ್ಜೆಂಟಿನವರ ಅಡ್ಡದಾರಿ ಅಂದುಕೊಂಡಿದ್ದಾರೆ. ಇತಿಹಾಸ ಇದಕ್ಕೆ ತದ್ವಿರುದ್ಧ. ಕುದಿಸೋದೇ ಹಳೆಯದು. ಕುದಿಸದೆ ನೆಮ್ಮದಿಯಾಗಿ ಸೋಪು ಮಾಡೋದಕ್ಕೆ ಮನುಷ್ಯನಿಗೆ ಹತ್ತೊಂಬತ್ತನೇ ಶತಮಾನದ ಕೆಮಿಸ್ಟ್ರಿ ಬೇಕಾಯ್ತು. ಯಾಕೆ ಅನ್ನೋದೇ ಇವತ್ತಿನ ಮಾತಿನ ತಿರುಳು.

ಬೂದಿ, ಸುಣ್ಣ, ಸುಶ್ರುತ

ಸೋಪು ಅಂದ್ರೆ ಏನು? ಎಣ್ಣೆ ಅಥವಾ ಕೊಬ್ಬು ಒಂದು ಕಡೆ, ಕ್ಷಾರ ಇನ್ನೊಂದು ಕಡೆ. ಎರಡೂ ಸೇರಿ ಎರಡೂ ಇಲ್ಲವಾಗಿ, ಸೋಪು ಮತ್ತೆ ಗ್ಲಿಸರಿನ್ ಹುಟ್ಟುತ್ತೆ. ಕ್ಷಾರ ಇಲ್ಲದೆ ಸೋಪಿಲ್ಲ. ಇದು ಅಭಿಪ್ರಾಯ ಅಲ್ಲ, ಸೋಪಿನ ವ್ಯಾಖ್ಯಾನವೇ ಅದು. ಹಾಗಾಗಿ ಆ ಚೀಟಿಯಲ್ಲಿರೋ "ಕಾಸ್ಟಿಕ್ ಇಲ್ಲದ ಸೋಪು" ಅನ್ನೋದಕ್ಕೆ ಎರಡೇ ಅರ್ಥ ಸಾಧ್ಯ. ಬೇರೆ ಯಾರೋ ಕಾಸ್ಟಿಕ್ ಹಾಕಿ ಮಾಡಿದ ರೆಡಿಮೇಡ್ ಸೋಪ್ ಬೇಸ್ ತಂದು ಕರಗಿಸಿ ಅಚ್ಚಿಗೆ ಹಾಕಿದ್ದಾರೆ ಅನ್ನೋದು ಒಂದು. ಹಾಕಿದ ಕಾಸ್ಟಿಕ್ ಪೂರ್ತಿ ಎಣ್ಣೆ ಜೊತೆ ಸೇರಿ ಮುಗಿದುಹೋಗಿದೆ ಅನ್ನೋದು ಇನ್ನೊಂದು. ಎರಡನೇದು ಒಳ್ಳೆ ಸೋಪಿನ ಲಕ್ಷಣ. ಆದ್ರೆ ಅದನ್ನ ಹಾಗಂತಲೇ ಹೇಳಬೇಕು.

ಹಳಬರಿಗೆ ಈ ಕ್ಷಾರ ಎಲ್ಲಿಂದ ಬರ್ತಿತ್ತು? ಬೂದಿಯಿಂದ. ಎಣ್ಣೆ ಮತ್ತು ಬೂದಿಯ ಕ್ಷಾರ ಸೇರಿಸೋ ವಿಚಾರ ಮೆಸೊಪೊಟೇಮಿಯಾದ ಮಣ್ಣಿನ ಫಲಕಗಳಲ್ಲೇ ಇದೆ. ಅವು ಕ್ರಿಸ್ತಪೂರ್ವ ಮೂರನೇ ಸಹಸ್ರಮಾನದವು. ಒಂದನೇ ಶತಮಾನದ ರೋಮಿನ ಪ್ಲೈನಿ, ಗಾಲ್ ಜನ ಕೊಬ್ಬು ಮತ್ತು ಬೂದಿಯಿಂದ "ಸಾಪೋ" ಅಂತ ಒಂದು ಮಾಡ್ತಾರೆ, ಕೂದಲು ಕೆಂಪಾಗಿಸೋಕೆ ಬಳಸ್ತಾರೆ ಅಂತ ಬರೆದಿದ್ದಾನೆ. ಸಾಪೋ ಅನ್ನೋ ಹೆಸರಿನ ಬೆಟ್ಟದಿಂದ ಸೋಪು ಬಂತು ಅನ್ನೋ ಫಾರ್ವರ್ಡ್ ಕಥೆ ನಿಮಗೂ ಬಂದಿರಬಹುದು. ಅಂಥ ಬೆಟ್ಟ ಇದ್ದಿದ್ದಕ್ಕೆ ಪುರಾವೆ ಇಲ್ಲ.

ನಮ್ಮ ಕಡೆಗೆ ಬನ್ನಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರ ತಯಾರಿಗೆ ಅಂತಲೇ ಒಂದು ಅಧ್ಯಾಯ ಇದೆ. ಗಿಡಮರ ಸುಟ್ಟು ಬೂದಿ ಮಾಡು, ಆರು ಪಟ್ಟು ನೀರಲ್ಲಿ ಕಲಸು, ಇಪ್ಪತ್ತೊಂದು ಸಲ ಸೋಸು, ಕಾಯಿಸು, ಸುಟ್ಟ ಚಿಪ್ಪು ಸುಣ್ಣಕಲ್ಲು ಹಾಕಿ ತೀಕ್ಷ್ಣ ಮಾಡು, ಕಬ್ಬಿಣದ ಪಾತ್ರೆಯಲ್ಲಿಡು. ಇದು ಸೋಪಿಗಲ್ಲ, ಶಸ್ತ್ರಚಿಕಿತ್ಸೆಗೆ, ಕೆಟ್ಟ ಮಾಂಸ ಸುಡೋಕೆ. ಆದ್ರೆ ಕೆಮಿಸ್ಟ್ರಿ ದೃಷ್ಟಿಯಿಂದ ನೋಡಿದ್ರೆ ಇದು ಪಕ್ಕಾ ಕಾಸ್ಟಿಕ್ ತಯಾರಿ. ಬೂದಿಯ ಮೃದು ಕ್ಷಾರವನ್ನ ಸುಣ್ಣ ಕಾಸ್ಟಿಕ್ ಆಗಿ ಬದಲಾಯಿಸುತ್ತೆ. ಬೆಂಗಾಲ್ ಕೆಮಿಕಲ್ಸ್ ಕಟ್ಟಿದ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರು ಭಾರತದ ರಸಾಯನಶಾಸ್ತ್ರದ ಇತಿಹಾಸ ಬರೆದಾಗ ಈ ಭಾಗವನ್ನ ವಿಶೇಷವಾಗಿ ಎತ್ತಿ ತೋರಿಸಿದ್ರು.

ಹಾಗಾದ್ರೆ ಕ್ಷಾರ ಗೊತ್ತಿತ್ತು, ಎಣ್ಣೆಗೆ ಬರ ಇರ್ಲಿಲ್ಲ, ಮತ್ಯಾಕೆ ಸೋಪು ನಮ್ಮಲ್ಲಿ ಮನೆಮಾತಾಗ್ಲಿಲ್ಲ? ನನ್ನ ಅನಿಸಿಕೆ ಏನಂದ್ರೆ, ಬೇಕಾಗಿರ್ಲಿಲ್ಲ. ತಲೆಗೆ ಸೀಗೆಕಾಯಿ, ರೇಷ್ಮೆ ಸೀರೆಗೆ ಅಂಟುವಾಳ, ಮೈಗೆ ಕಡಲೆಹಿಟ್ಟು ಹೆಸರುಹಿಟ್ಟು, ಬಟ್ಟೆಗೆ ಚೌಳುಮಣ್ಣು, ಪಾತ್ರೆಗೆ ಬೂದಿ. ಸೀಗೆ ಮತ್ತೆ ಅಂಟುವಾಳದಲ್ಲಿ ಸಪೋನಿನ್ ಅನ್ನೋ ನೊರೆ ಬರೋ ಪದಾರ್ಥ ಗಿಡವೇ ಮಾಡಿಟ್ಟಿರುತ್ತೆ. ಎಣ್ಣೆಸ್ನಾನದ ದಿನ ಮೈಗೆ ಹಚ್ಚಿದ ಎಣ್ಣೆಯನ್ನ ಇಷ್ಟರಲ್ಲೇ ತೆಗೀತಿದ್ವಲ್ಲ? ಮರದಲ್ಲೇ ಸೋಪು ಬಿಡುವಾಗ ಕಡಾಯಿ ಯಾರು ಇಡ್ತಾರೆ!

ಕುದಿಸಿದ್ದು ಯಾಕೆ?

ಕಡಾಯಿ ಇಟ್ಟವರು ಸಿರಿಯಾದ ಅಲೆಪ್ಪೋ ಮತ್ತು ಪ್ಯಾಲೆಸ್ಟೀನಿನ ನಾಬ್ಲುಸ್ ಊರಿನವರು. ಅಲೆಪ್ಪೋದಲ್ಲಿ ಆಲಿವ್ ಎಣ್ಣೆಯನ್ನ ಕ್ಷಾರದ ನೀರಿನ ಜೊತೆ ದೊಡ್ಡ ಕಡಾಯಿಯಲ್ಲಿ ದಿನಗಟ್ಟಲೆ ಕುದಿಸಿ, ಕೊನೆಯಲ್ಲಿ ಲಾರೆಲ್ ಎಣ್ಣೆ ಸೇರಿಸ್ತಾರೆ. ಬಿಸಿ ಸೋಪನ್ನ ನೆಲದ ಮೇಲೆ ಹರಡಿ, ಗಟ್ಟಿಯಾದ ಮೇಲೆ ಕತ್ತರಿಸಿ, ಗಾಳಿಯಾಡೋ ಹಾಗೆ ಗೋಪುರದ ಥರ ಜೋಡಿಸಿ ಆರರಿಂದ ಒಂಬತ್ತು ತಿಂಗಳು ಒಣಗಿಸ್ತಾರೆ. ಹೊರಗೆ ಬಂಗಾರದ ಬಣ್ಣ, ಒಳಗೆ ಹಸಿರು. ಯುದ್ಧದಲ್ಲಿ ಆ ಊರಿನ ಎಷ್ಟೋ ಸೋಪಿನ ಮನೆಗಳು ಹಾಳಾದವು, ಆದ್ರೂ ಕಸುಬು ಉಳೀತು. 2024ರ ಡಿಸೆಂಬರಿನಲ್ಲಿ ಅಲೆಪ್ಪೋ ಮತ್ತು ನಾಬ್ಲುಸ್ ಎರಡೂ ಊರಿನ ಸೋಪಿನ ವಿದ್ಯೆ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರ್ತು.

ಅಲ್ಲಿಂದ ಮೆಡಿಟರೇನಿಯನ್ ದಾಟಿದ್ರೆ ಫ್ರಾನ್ಸಿನ ಮಾರ್ಸೇ. 1688ರಲ್ಲಿ ಹದಿನಾಲ್ಕನೇ ಲೂಯಿಯ ಆಡಳಿತ ಒಂದು ಕಾನೂನು ತಂತು: ಮಾರ್ಸೇ ಸೋಪಿಗೆ ಆಲಿವ್ ಎಣ್ಣೆ ಬಿಟ್ಟು ಬೇರೆ ಕೊಬ್ಬು ಹಾಕೋ ಹಾಗಿಲ್ಲ. ಅಲ್ಲಿನ ವಿಧಾನಕ್ಕೆ ಸುಮಾರು ಹತ್ತು ದಿನ. ಎಣ್ಣೆ ಕ್ಷಾರ ಸೇರಿಸಿ ಕುದಿಸೋದು, ಉಪ್ಪುನೀರು ಹಾಕೋದು, ಆಗ ಸೋಪು ಮೊಸರಿನ ಥರ ಒಡೆದು ಮೇಲೆ ತೇಲುತ್ತೆ, ಹೆಚ್ಚಾದ ಕ್ಷಾರ, ಗ್ಲಿಸರಿನ್, ಕೊಳೆ ಎಲ್ಲಾ ಕೆಳಗಿನ ನೀರಿಗೆ ಇಳಿಯುತ್ತೆ, ಅದನ್ನ ಬಸಿಯೋದು, ಮತ್ತೆ ಹೊಸ ಕ್ಷಾರ, ಮತ್ತೆ ಕುದಿ, ಮತ್ತೆ ತೊಳೆಯೋದು. ಕೊನೆಗೆ ಸೋಪಿನ ಮೇಸ್ತ್ರಿ ಒಂದು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿ ನೋಡೋನು. ಚುರುಕ್ ಅಂದ್ರೆ ಕ್ಷಾರ ಉಳಿದಿದೆ, ಸುಮ್ಮನಿದ್ರೆ ಸೋಪು ಆಗಿದೆ.

ಈಗ ಪ್ರಶ್ನೆಗೆ ಬರೋಣ. ಇಷ್ಟು ಒದ್ದಾಟ ಯಾಕೆ? ಯಾಕಂದ್ರೆ ಅವರ ಕ್ಷಾರ ಎಷ್ಟು ಗಟ್ಟಿ ಅಂತ ಅವರಿಗೇ ಗೊತ್ತಿರ್ಲಿಲ್ಲ. ಈ ವರ್ಷದ ಬೂದಿ ಬೇರೆ, ಹೋದ ವರ್ಷದ ಬೂದಿ ಬೇರೆ. ಮಳೆ ಬಿದ್ದ ಗಿಡ ಬೇರೆ, ಒಣಗಿದ ಗಿಡ ಬೇರೆ. ಎಣ್ಣೆಯೂ ಹಾಗೇ. ಲೆಕ್ಕ ಇಲ್ಲದವನಿಗೆ ಕುದಿಸೋದೊಂದೇ ದಾರಿ. ಹೆಚ್ಚು ಹಾಕು, ಕುದಿಸು, ನೋಡು, ಉಪ್ಪುನೀರಲ್ಲಿ ತೊಳಿ, ರುಚಿ ನೋಡು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಸ್ಪೆಸಿಫಿಕೇಷನ್ ಇಲ್ಲದ ಇನ್‌ಪುಟ್ ತಗೊಂಡು ರನ್‌ಟೈಮಲ್ಲೇ ಡೀಬಗ್ ಮಾಡೋ ಕೆಲಸ. ಇಂಥ ಕ್ಷಾರ ಇಟ್ಟುಕೊಂಡು ಕುದಿಸದೆ ಅಚ್ಚಿಗೆ ಸುರಿದ್ರೆ, ಒಂದು ಸಲ ಜಿಡ್ಡು ಎಣ್ಣೆ ಉಳಿಯುತ್ತೆ, ಇನ್ನೊಂದು ಸಲ ಚರ್ಮ ಸುಡುತ್ತೆ.

ಇಂಗ್ಲೆಂಡಿನಲ್ಲಿ ಈ ಕಡಾಯಿಗೆ ಇನ್ನೊಂದು ಕಾಟ ಇತ್ತು, ತೆರಿಗೆ. 1712ರಿಂದ 1853ರ ತನಕ ಸೋಪಿನ ಮೇಲೆ ಸುಂಕ. ರಾತ್ರಿ ಕಳ್ಳತನದಲ್ಲಿ ಸೋಪು ಕುದಿಸಬಾರದು ಅಂತ ಸುಂಕದ ಅಧಿಕಾರಿಗಳು ಕಡಾಯಿಯ ಮುಚ್ಚಳಕ್ಕೆ ಬೀಗ ಹಾಕ್ತಿದ್ರು. ಗ್ಲಾಡ್‌ಸ್ಟನ್ ಹಣಕಾಸು ಮಂತ್ರಿಯಾಗಿದ್ದಾಗ ಅದು ರದ್ದಾಯ್ತು. ಆಮೇಲೇ ಅಲ್ಲಿ ಬಡವರ ಮನೆಗೂ ಸೋಪು ಸಲೀಸಾಗಿ ಬಂದಿದ್ದು.

ಮೂರು ಜನ, ಮೂರು ಲೆಕ್ಕ

ನಾಲಿಗೆಯ ಜಾಗಕ್ಕೆ ಲೆಕ್ಕ ತಂದವರು ಮುಖ್ಯವಾಗಿ ಮೂವರು.

ಮೊದಲನೆಯವನು ನಿಕೊಲಾ ಲೆಬ್ಲಾಂಕ್. ಬೂದಿಗೆ ಕಾಡು ಸಾಲ್ತಿಲ್ಲ ಅಂತ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಉಪ್ಪಿನಿಂದ ಸೋಡಾ ಮಾಡೋ ವಿದ್ಯೆಗೆ ಬಹುಮಾನ ಇಟ್ಟಿತ್ತು. ಉಪ್ಪು, ಗಂಧಕಾಮ್ಲ, ಸುಣ್ಣಕಲ್ಲು, ಕಲ್ಲಿದ್ದಲು ಇಟ್ಟುಕೊಂಡು ಲೆಬ್ಲಾಂಕ್ ಅದನ್ನ ಸಾಧಿಸಿ 1791ರಲ್ಲಿ ಪೇಟೆಂಟ್ ಪಡೆದ. ಕ್ರಾಂತಿ ಬಂತು, ಕಾರ್ಖಾನೆ ಜಪ್ತಿಯಾಯ್ತು, ವಿದ್ಯೆ ಬಹಿರಂಗವಾಯ್ತು, ಬಹುಮಾನ ಕೈಗೆ ಸಿಗಲೇ ಇಲ್ಲ. 1806ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಜಗತ್ತಿನ ಕೈ ತೊಳೆದವನ ಕೈ ಬರಿದಾಗೇ ಹೋಯ್ತು.

ಎರಡನೆಯವರು ಮಿಶೆಲ್ ಶೆವ್ರಲ್. ಕೊಬ್ಬು ಅಂದ್ರೆ ಒಂದೇ ಪದಾರ್ಥ ಅಲ್ಲ, ಫ್ಯಾಟಿ ಆಸಿಡ್‌ಗಳು ಮತ್ತು ಗ್ಲಿಸರಿನ್ ಸೇರಿ ಆಗಿರೋದು, ಕ್ಷಾರ ಅದನ್ನ ಬಿಡಿಸುತ್ತೆ ಅಂತ ತೋರಿಸಿ 1823ರಲ್ಲಿ ಪುಸ್ತಕ ಬರೆದ್ರು. ಸೋಪು ಹುಟ್ಟೋದು ಹೇಗೆ ಅಂತ ಮನುಷ್ಯನಿಗೆ ಅರ್ಥವಾಗಿದ್ದು ಆಗಲೇ. ಅಂದ್ರೆ ಸಾವಿರಾರು ವರ್ಷ ಮಾಡಿದ ಮೇಲೆ! ಈ ಪುಣ್ಯಾತ್ಮರು ನೂರಎರಡು ವರ್ಷ ಬಾಳಿದ್ರು.

ಮೂರನೆಯವರ ಹೆಸರು ಅಷ್ಟಾಗಿ ಕೇಳಿರಲ್ಲ, ಕೊಟ್‌ಸ್ಟಾರ್ಫರ್. 1879ರಲ್ಲಿ ಇವರು ಒಂದು ಗ್ರಾಂ ಕೊಬ್ಬನ್ನ ಪೂರ್ತಿ ಸೋಪು ಮಾಡೋಕೆ ಎಷ್ಟು ಕ್ಷಾರ ಬೇಕು ಅಂತ ಅಳೆಯೋ ವಿಧಾನ ಕೊಟ್ರು. ಉದ್ದೇಶ ಸೋಪಲ್ಲ, ಬೆಣ್ಣೆಗೆ ಬೇರೆ ಕೊಬ್ಬು ಕಲಬೆರಕೆ ಮಾಡಿದ್ದಾರಾ ಅಂತ ಹಿಡಿಯೋದು. ಆದ್ರೆ ಇವತ್ತು ಮನೆ ಸೋಪು ಮಾಡೋರು ಮೊಬೈಲಲ್ಲಿ ಬಳಸೋ ಸೋಪ್ ಕ್ಯಾಲ್ಕುಲೇಟರ್ ನಿಂತಿರೋದು ಈ ಸಂಖ್ಯೆಯ ಮೇಲೇ.

ಇದರ ಜೊತೆಗೆ 1890ರ ದಶಕದಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮಾಡೋ ಕಾರ್ಖಾನೆಗಳು ಬಂದವು. ಪ್ರತಿ ಡಬ್ಬಿಯಲ್ಲೂ ಒಂದೇ ಶಕ್ತಿಯ ಕ್ಷಾರ. ಒಂದು ಕೈಯಲ್ಲಿ ನಂಬಬಹುದಾದ ಕಾಸ್ಟಿಕ್, ಇನ್ನೊಂದು ಕೈಯಲ್ಲಿ ಪ್ರತಿ ಎಣ್ಣೆಯ ಸಂಖ್ಯೆ. ಆಗ ಮಾತ್ರ ತೂಕ ಮಾಡಿ, ಬೆರೆಸಿ, ಕುದಿಸದೆ, ತೊಳೆಯದೆ ಸೋಪು ಮಾಡೋದು ಭರವಸೆಯ ಕೆಲಸವಾಯ್ತು. ಹಾಗಾಗಿ ನಾವೀಗ ಮನೆಯಲ್ಲಿ ಮಾಡೋ ಹಾಟ್ ಪ್ರೋಸೆಸ್ ಒಂದು ಮಿಶ್ರತಳಿ. ಕುದಿ ಅಲೆಪ್ಪೋದ್ದು, ಲೆಕ್ಕ ಕೊಟ್‌ಸ್ಟಾರ್ಫರ್ ಅವರದ್ದು. ಲೆಕ್ಕ ಇರೋದ್ರಿಂದ ಉಪ್ಪುನೀರಲ್ಲಿ ತೊಳೆಯೋ ಗೋಜಿಲ್ಲ, ಗ್ಲಿಸರಿನ್ ಸೋಪಲ್ಲೇ ಉಳಿಯುತ್ತೆ.

ಕಾರ್ಖಾನೆಗಳು ಗ್ಲಿಸರಿನ್ ತೆಗೆಯೋದು ಯಾಕೆ ಅಂದ್ರೆ ಅದಕ್ಕೆ ಬೇರೆ ಕಡೆ ಬೆಲೆ ಇದೆ. 1867ರಲ್ಲಿ ನೊಬೆಲ್ ಪೇಟೆಂಟ್ ಮಾಡಿದ ಡೈನಮೈಟಿಗೆ ಬೇಕಾಗಿದ್ದು ನೈಟ್ರೋಗ್ಲಿಸರಿನ್. ಮೊದಲ ಮಹಾಯುದ್ಧದಲ್ಲಿ ಗುಂಡಿನ ಮದ್ದಿಗೆ ಗ್ಲಿಸರಿನ್ ಕೊಟ್ಟವು ಸೋಪಿನ ಕಡಾಯಿಗಳೇ.

ನಮ್ಮ ನೆಲಕ್ಕೆ ಬಂದ ಸೋಪು

1888ರಲ್ಲಿ ಕಲ್ಕತ್ತಾ ಬಂದರಿನಲ್ಲಿ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಇಳಿದವು. ಮೇಲೆ ಇಂಗ್ಲೆಂಡಿನಲ್ಲಿ ಲೀವರ್ ಬ್ರದರ್ಸ್ ತಯಾರಿಸಿದ್ದು ಅಂತ ಮುದ್ರೆ. ಆಗಿನ ವಿಲಾಯಿತಿ ಸೋಪುಗಳಲ್ಲಿ ಪ್ರಾಣಿಕೊಬ್ಬು ಮಾಮೂಲು. ಮಡಿ ಮೈಲಿಗೆ ನೋಡೋ ಮನೆಗಳಿಗೆ ಅದೊಂದು ತೊಡಕು. ಸ್ವದೇಶಿ ಚಳವಳಿಗೆ ಅದೇ ಒಂದು ಬಾಗಿಲು. ಮುಂಬಯಿಯಲ್ಲಿ ಬೀಗ ತಯಾರಿಸ್ತಿದ್ದ ಅರ್ದೇಶಿರ್ ಗೋದ್ರೆಜ್ 1910ರ ದಶಕದ ಕೊನೆಯಲ್ಲಿ ಬರೀ ಸಸ್ಯದ ಎಣ್ಣೆಯಿಂದ ಸೋಪು ಮಾಡಿ "ಚಾವಿ" ಅಂತ ಹೆಸರಿಟ್ರು. ಬೀಗದವರ ಸೋಪಿಗೆ ಚಾವಿ, ಚೆನ್ನಾಗಿದೆ ಅಲ್ವಾ?

ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನದಲ್ಲಿ ನಡೆದದ್ದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು.

ಶ್ರೀಗಂಧ ಟಿಪ್ಪು ಕಾಲದಿಂದಲೂ ಸರ್ಕಾರದ ಮರ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮೈಸೂರಿನ ಗಂಧದ ಮರ ಹರಾಜಾಗಿ ಹೆಚ್ಚಿನ ಪಾಲು ಜರ್ಮನಿಗೆ ಹೋಗ್ತಿತ್ತು. ಎಣ್ಣೆ ತೆಗೆಯೋದು ಅವರು, ಲಾಭ ಅವರದ್ದು. 1914ರಲ್ಲಿ ಯುದ್ಧ ಶುರುವಾಯ್ತು. ಬ್ರಿಟಿಷರ ಕೈಕೆಳಗಿನ ಸಂಸ್ಥಾನ ಶತ್ರುದೇಶಕ್ಕೆ ಮರ ಕಳಿಸೋ ಹಾಗಿಲ್ಲ. ಗಂಧದ ಕೊರಡು ಗೋದಾಮಿನಲ್ಲಿ ರಾಶಿ ಬಿತ್ತು, ಸಂಸ್ಥಾನದ ವರಮಾನಕ್ಕೆ ಪೆಟ್ಟು ಬಿತ್ತು.

ಆಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆ ನೋಡ್ತಿದ್ದವರು ಆಲ್‌ಫ್ರೆಡ್ ಚಾಟರ್ಟನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದ್ರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಎಣ್ಣೆ ಬಟ್ಟಿ ಇಳಿಸೋ ಪ್ರಯೋಗ ಮಾಡಿ ತೋರಿಸಿದ್ರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಹೊರಬಂತು, ಬೆನ್ನಿಗೇ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು.

ಎಣ್ಣೆ ಇದೆ, ಸೋಪು ಯಾಕಾಗಬಾರದು ಅನ್ನೋದು ಮುಂದಿನ ಪ್ರಶ್ನೆ. ವಿಶ್ವೇಶ್ವರಯ್ಯನವರು ಬೊಂಬಾಯಿಯಿಂದ ತಜ್ಞರನ್ನ ಕರೆಸಿ ಇನ್‌ಸ್ಟಿಟ್ಯೂಟಿನ ಆವರಣದಲ್ಲೇ ಸೋಪಿನ ಪ್ರಯೋಗ ಮಾಡಿಸಿದ್ರು. ಸೋಸಲೆ ಗರಳಪುರಿ ಶಾಸ್ತ್ರಿ ಅನ್ನೋ ಯುವ ಕೆಮಿಸ್ಟ್ ಅವರನ್ನ ಸೋಪಿನ ವಿದ್ಯೆ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದ್ರು. ಅವರು ವಾಪಸ್ ಬಂದು, ಗಂಧದೆಣ್ಣೆಯ ಪರಿಮಳ ಸೋಪಿನಲ್ಲಿ ನಿಲ್ಲೋ ಹಾಗೆ ಮಾಡಿದ್ರು. ಸರ್ಕಾರಿ ಸೋಪ್ ಫ್ಯಾಕ್ಟರಿ ಕಬ್ಬನ್ ಪಾರ್ಕಿನ ಹತ್ತಿರ ಶುರುವಾಯ್ತು, 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಮಾರುಕಟ್ಟೆಗೆ ಬಂತು. ಶಾಸ್ತ್ರಿಗಳಿಗೆ ಜನ "ಸೋಪ್ ಶಾಸ್ತ್ರಿ" ಅಂತಲೇ ಹೆಸರಿಟ್ರು. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೇಲೆ ಆನೆಯ ತಲೆ ಸಿಂಹದ ಮೈ ಇರೋ ಶರಭ. ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಹೋಯ್ತು.

ಇಲ್ಲಿ ಗಮನಿಸಬೇಕಾದ್ದು ಗಂಧದ ಹೆಮ್ಮೆಯೊಂದೇ ಅಲ್ಲ. ಕಚ್ಚಾಮಾಲು ಮಾರೋದು ನಿಂತಾಗ ಸಂಸ್ಥಾನ ಗೋದಾಮಿಗೆ ಬೀಗ ಹಾಕಿ ಯುದ್ಧ ಮುಗಿಯೋದನ್ನ ಕಾಯ್ತಾ ಕೂರಲಿಲ್ಲ. ಲ್ಯಾಬು, ಕಾರ್ಖಾನೆ, ಕಲಿಯೋಕೆ ಹೋದ ಹುಡುಗ, ಮೂರನ್ನೂ ನಾಲ್ಕೇ ವರ್ಷದಲ್ಲಿ ಜೋಡಿಸ್ತು. ಬೇರೆಯವರ ಕೈಲಿದ್ದ ಲೆಕ್ಕವನ್ನ ತನ್ನ ಕೈಗೆ ತಗೊಳ್ತು.

ಚೆನ್ನೈಯವರಿಗೆ ಇನ್ನೊಂದು ಹತ್ತಿರದ ಕಥೆ. ರೈಲ್ವೆ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ವಿ.ಪಿ. ಸಿದ್ಧನ್, ರೈಲ್ವೆ ಕೆಲಸಗಾರರ ಚರ್ಮದ ತೊಂದರೆ ನೋಡಿ ಗಿಡಮೂಲಿಕೆ ಎಣ್ಣೆಯಿಂದ ಮನೆಯಲ್ಲೇ ಸೋಪು ಮಾಡಿದ್ರು, ಹೆಂಡತಿಯೂ ಕೈಜೋಡಿಸಿದ್ರು. 1969ರಲ್ಲಿ ಅದೇ ಮೆಡಿಮಿಕ್ಸ್ ಆಯ್ತು. ಮನೆ ಸೋಪು ಅನ್ನೋದು ಇನ್‌ಸ್ಟಾಗ್ರಾಮ್ ಕಾಲದ ಹೊಸ ಹುಚ್ಚೇನಲ್ಲ.

ಸರಿ, ಮನೆಯಲ್ಲಿ ಶುರು ಮಾಡೋದು ಹೇಗೆ?

ಮೊದಲು ಭಯ, ಆಮೇಲೆ ಕೆಲಸ. ಕಾಸ್ಟಿಕ್ ಸೋಡಾ ಕಣ್ಣಿಗೆ ಬಿದ್ರೆ ದೃಷ್ಟಿ ಹೋಗಬಹುದು. ಕಣ್ಣಿಗೆ ಗಾಗಲ್ಸ್, ಕೈಗೆ ರಬ್ಬರ್ ಗ್ಲೌಸ್, ತುಂಬುತೋಳಿನ ಅಂಗಿ ಕಡ್ಡಾಯ. ಮಕ್ಕಳು, ನಾಯಿ ಬೆಕ್ಕು ಆ ಕೋಣೆಯಲ್ಲೇ ಇರಬಾರದು. ಮೈಮೇಲೆ ಬಿದ್ರೆ ವಿನೆಗರ್ ಹುಡುಕಬೇಡಿ. ನಲ್ಲಿ ಕೆಳಗೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ತೊಳೀತಾನೇ ಇರಿ, ಕಣ್ಣಿಗಾದ್ರೆ ತೊಳೆದು ನೇರ ಆಸ್ಪತ್ರೆಗೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ, ಕಾಸ್ಟಿಕ್ ಅದನ್ನ ತಿಂದು ಹೈಡ್ರೋಜನ್ ಅನಿಲ ಬಿಡುತ್ತೆ. ಸ್ಟೀಲ್ ಪಾತ್ರೆಯೇ ಬೇಕು, ಮತ್ತೆ ಅದು ಅಡುಗೆಗೆ ವಾಪಸ್ ಹೋಗಬಾರದು. ಸಿಂಕ್ ಪೈಪು ಬಿಡಿಸೋ ಪುಡಿಗಳನ್ನ ಬಳಸಬೇಡಿ, ಕೆಲವದರಲ್ಲಿ ಬೇರೆ ಪದಾರ್ಥ ಬೆರೆತಿರುತ್ತೆ. ಶುದ್ಧ ಸೋಡಿಯಂ ಹೈಡ್ರಾಕ್ಸೈಡ್ ಅಂತ ಬರೆದಿದ್ದೇ ಆಗಬೇಕು.

ಅಳತೆ: ಕೊಬ್ಬರಿ ಎಣ್ಣೆ 200 ಗ್ರಾಂ, ಆಲಿವ್ ಎಣ್ಣೆ 250 ಗ್ರಾಂ, ಹರಳೆಣ್ಣೆ 50 ಗ್ರಾಂ. ಒಟ್ಟು 500 ಗ್ರಾಂ. ಕಾಸ್ಟಿಕ್ ಸೋಡಾ 72 ಗ್ರಾಂ, ನೀರು 180 ಗ್ರಾಂ. ಎಲ್ಲವೂ ತೂಕದಲ್ಲಿ, ಒಂದು ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿಯಲ್ಲಿ. ಲೋಟ, ಚಮಚದ ಲೆಕ್ಕ ಬೇಡ.

ಈ 72 ಎಲ್ಲಿಂದ ಬಂತು? ಅದೇ ಕೊಟ್‌ಸ್ಟಾರ್ಫರ್ ಲೆಕ್ಕ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್, ಆಲಿವ್‌ಗೆ 0.135, ಹರಳೆಣ್ಣೆಗೆ 0.128. ಗುಣಿಸಿ ಕೂಡಿದ್ರೆ 76.75 ಗ್ರಾಂ ಬರುತ್ತೆ. ಅದರಲ್ಲಿ ಸುಮಾರು ನೂರಕ್ಕೆ ಆರರಷ್ಟು ಕಮ್ಮಿ ಹಾಕಿದ್ದೀವಿ. ಹಾಗಾಗಿ ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯುತ್ತೆ, ಕಾಸ್ಟಿಕ್ ಉಳಿಯಲ್ಲ. ಇದಕ್ಕೆ ಸೂಪರ್‌ಫ್ಯಾಟ್ ಅಂತಾರೆ. ಆಲಿವ್ ದುಬಾರಿ ಅಂತ ಶೇಂಗಾ ಎಣ್ಣೆ ಹಾಕ್ತೀರಾ? ಹಾಕಿ, ಆದ್ರೆ ಎಣ್ಣೆ ಬದಲಾದ್ರೆ ಲೆಕ್ಕ ಮತ್ತೆ ಮಾಡಿ.

ಕಿಟಕಿ ತೆರೆದಿಟ್ಟು, ತಣ್ಣೀರಿಗೆ ಕಾಸ್ಟಿಕ್ ಅನ್ನ ಸ್ವಲ್ಪಸ್ವಲ್ಪ ಹಾಕ್ತಾ ಕಲಕಿ. ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಸಿಡಿಯುತ್ತೆ. ನೀರು ತಾನಾಗೇ ಕುದಿಯೋ ಹತ್ತಿರಕ್ಕೆ ಬಿಸಿಯಾಗುತ್ತೆ, ಆವಿ ಮೂಗಿಗೆ ತಗೋಬೇಡಿ. ತಿಳಿಯಾಗೋ ತನಕ ಬಿಡಿ. ಅತ್ತ ಎಣ್ಣೆಗಳನ್ನ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ, ಆ ಪಾತ್ರೆಯನ್ನ ಬಿಸಿನೀರಿನ ಇನ್ನೊಂದು ಪಾತ್ರೆಯೊಳಗೆ ಕೂರಿಸಿ. ಸಣ್ಣ ಉರಿ. ಎಣ್ಣೆ ಪಾತ್ರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿರಬಾರದು, ಯಾಕಂದ್ರೆ ಮಿಶ್ರಣ ಹಾಲಿನ ಥರ ಉಕ್ಕುತ್ತೆ.

ಕಾಸ್ಟಿಕ್ ನೀರನ್ನ ಎಣ್ಣೆಗೆ ಸೇರಿಸಿ ಹ್ಯಾಂಡ್ ಬ್ಲೆಂಡರ್‌ನಲ್ಲಿ ಬಿಟ್ಟುಬಿಟ್ಟು ಕಡೀರಿ. ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲೆ ಎಳೆದ ಗೆರೆ ಹಾಗೇ ನಿಂತ್ರೆ ಟ್ರೇಸ್ ಬಂತು ಅಂತ. ಈಗ ಮುಚ್ಚಿಟ್ಟು ಬೇಯಿಸಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಲಕಿ. ಮೊದಲು ಅಂಚಿನಿಂದ ಉಬ್ಬಿ ಒಳಕ್ಕೆ ಮಡಚಿಕೊಳ್ಳುತ್ತೆ. ಆಮೇಲೆ ರವೆ ಗಂಜಿಯ ಥರ ತರಿತರಿ. ಆಮೇಲೆ ಮುದ್ದೆ. ಕೊನೆಗೆ ಬಿಳುಪು ಹೋಗಿ, ವ್ಯಾಸಲಿನ್ ಥರ ಅರೆಪಾರದರ್ಶಕ. ಇದಕ್ಕೆಲ್ಲ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯಬಹುದು.

ಈಗ ಮಾರ್ಸೇ ಮೇಸ್ತ್ರಿಯ ಪರೀಕ್ಷೆ. ಒಂದು ಚೂರು ತೆಗೆದು ಪೂರ್ತಿ ಆರಿಸಿ, ಒದ್ದೆ ಬೆರಳಿಂದ ಉಜ್ಜಿ, ಆ ಬೆರಳನ್ನ ನಾಲಿಗೆ ತುದಿಗೆ ಮುಟ್ಟಿಸಿ. ಬ್ಯಾಟರಿ ಮುಟ್ಟಿದ ಹಾಗೆ ಚುರುಕ್ ಅಂದ್ರೆ ಇನ್ನೂ ಬೇಯಬೇಕು. ಬರೀ ಸೋಪಿನ ಕೆಟ್ಟ ರುಚಿ ಬಂದ್ರೆ ಆಯ್ತು. ಪಿಎಚ್ 7 ಬರಲಿ ಅಂತ ಕಾಯಬೇಡಿ. ಒಳ್ಳೆ ಸೋಪಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲೇ ಇರುತ್ತೆ.

ಪರಿಮಳ ಈಗ ಹಾಕಿ. ಹಾಟ್ ಪ್ರೋಸೆಸ್‌ನ ದೊಡ್ಡ ಅನುಕೂಲ ಇದೇ. ಕಾಸ್ಟಿಕ್ ಕೆಲಸ ಮುಗಿದಿರೋದ್ರಿಂದ ಅದು ನಿಮ್ಮ ದುಬಾರಿ ಎಣ್ಣೆಯನ್ನ ತಿನ್ನಲ್ಲ. ಟಾಯ್ಲೆಟ್ ಸೋಪಿನ ಕಾರ್ಖಾನೆಗಳಲ್ಲೂ ಪರಿಮಳ ಸೇರೋದು ಸೋಪು ಆದ ಮೇಲೇ. 500 ಗ್ರಾಂ ಎಣ್ಣೆಗೆ 10 ಗ್ರಾಂ ಸುಗಂಧದ ಎಣ್ಣೆ ಸಾಕು. ಕೆಲವರು ಮುದ್ದೆ ಸಡಿಲಾಗಲಿ ಅಂತ ಒಂದು ಚಮಚ ಮೊಸರು ಬೆರೆಸ್ತಾರೆ. ಬಟರ್ ಪೇಪರ್ ಹಾಸಿದ ಅಚ್ಚಿಗೆ ಒತ್ತಿ ತುಂಬಿ, ಮೈಸೂರು ಪಾಕಿನ ಥರ ತಟ್ಟಿ, ಮಾರನೇ ದಿನ ಕತ್ತರಿಸಿ. ಅವತ್ತೇ ಬಳಸಬಹುದು. ಆದ್ರೆ ಎರಡರಿಂದ ನಾಲ್ಕು ವಾರ ಗಾಳಿಗಿಟ್ರೆ ನೀರು ಆರಿ ಗಟ್ಟಿಯಾಗುತ್ತೆ, ಬೇಗ ಸವೆಯಲ್ಲ.

ಏನು ನಿರೀಕ್ಷೆ ಮಾಡಬೇಕು, ಏನು ಬೇಡ

ಅಂಗಡಿ ಸೋಪಿನ ನುಣುಪು ಇದರಲ್ಲಿ ಬರಲ್ಲ, ಮೈ ಒರಟಾಗೇ ಇರುತ್ತೆ. ಮುಂಬಯಿ, ಚೆನ್ನೈ ತೇವದಲ್ಲಿ ಗ್ಲಿಸರಿನ್ ಗಾಳಿಯ ನೀರು ಹೀರಿ ಸೋಪಿನ ಮೇಲೆ ಬೆವರು ಹನಿ ಕೂರುತ್ತೆ, ಅದು ಕೆಟ್ಟಿದ್ದಲ್ಲ. ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸಿಗೆ ಇದೂ ಮದ್ದಲ್ಲ. ಕ್ಯಾಲ್ಸಿಯಂ ಇದ್ದ ಕಡೆ ಯಾವ ಸೋಪಾದ್ರೂ ಬಕೆಟ್ ಅಂಚಿಗೆ ಬಿಳಿ ಜಿಡ್ಡು ಬಿಡುತ್ತೆ. ಕೊಬ್ಬರಿ ಎಣ್ಣೆ ಪಾಲು ಜಾಸ್ತಿ ಇದ್ರೆ ಅಂಥ ನೀರಲ್ಲೂ ನೊರೆ ಸ್ವಲ್ಪ ಚೆನ್ನಾಗಿ ಬರುತ್ತೆ, ಅಷ್ಟೇ. ಚರ್ಮದ ಕಾಯಿಲೆ ವಾಸಿಯಾಗುತ್ತೆ ಅನ್ನೋ ಮಾತನ್ನ ಡಾಕ್ಟರಿಗೆ ಬಿಡಿ.

ಇನ್ನು ಅಂಗಡಿ ಸೋಪಿನ ಲೇಬಲ್ ಓದೋದು ಕಲೀರಿ. ಟಿಎಫ್‌ಎಂ ಅಂತ ಒಂದು ಸಂಖ್ಯೆ ಇರುತ್ತೆ, ಸೋಪಿನಲ್ಲಿರೋ ಒಟ್ಟು ಕೊಬ್ಬಿನ ಅಂಶ ಅದು. ಭಾರತೀಯ ಮಾನಕದ ಪ್ರಕಾರ ಗ್ರೇಡ್ 1 ಟಾಯ್ಲೆಟ್ ಸೋಪಿಗೆ ಕನಿಷ್ಠ 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. "ಬೇಥಿಂಗ್ ಬಾರ್" ಅಂತ ಬರೆದಿದ್ರೆ 40 ಇದ್ರೂ ಸಾಕು. ಮಾರ್ಸೇ ಸೋಪಿನ ಮೇಲೆ ಒತ್ತೋ 72 ಅನ್ನೋ ಮುದ್ರೆ ಇದರ ಅಜ್ಜ. ಮನೆ ಸೋಪಿನಲ್ಲಿ ನೀರು, ಗ್ಲಿಸರಿನ್ ಉಳಿಯೋದ್ರಿಂದ ಅದರ ಸಂಖ್ಯೆ ಕಮ್ಮಿ ಇರಬಹುದು. ಆದ್ರೆ ಅದು ಕಲ್ಲುಪುಡಿ ತುಂಬಿ ಕಮ್ಮಿಯಾಗಿದ್ದಲ್ಲ.

ನಿಮಗೆ, ನಿಮ್ಮವರಿಗೆ ಮಾಡಿಕೊಳ್ಳೋದು ಹವ್ಯಾಸ. ಮಾರೋಕೆ ಹೊರಟ್ರೆ ಅದು ಕಾಸ್ಮೆಟಿಕ್ಸ್ ಕಾನೂನಿನ ವ್ಯಾಪ್ತಿಗೆ ಬರುತ್ತೆ, ತಯಾರಿಕೆಗೆ ಲೈಸೆನ್ಸ್ ಬೇಕು. ಭಾನುವಾರದ ಸಂತೆಯ ಆ ಮೇಜಿನವರಿಗೂ ಇದು ಅನ್ವಯಿಸುತ್ತೆ. ಮುಂದಿನ ಸಲ ಅಲ್ಲಿ ನಿಂತಾಗ ಅವರನ್ನ ಮೂರು ಪ್ರಶ್ನೆ ಕೇಳಿ: ಯಾವ ಎಣ್ಣೆ? ಬೇಸ್ ಕರಗಿಸಿದ್ದಾ, ಕುದಿಸಿ ಮಾಡಿದ್ದಾ? ಸೂಪರ್‌ಫ್ಯಾಟ್ ಎಷ್ಟು? ನಿಜವಾಗಿ ಮಾಡಿದವರು ಖುಷಿಯಿಂದ ಅರ್ಧ ಗಂಟೆ ಮಾತಾಡ್ತಾರೆ, ಕಾಸ್ಟಿಕ್ ಹೆಸರನ್ನೂ ಧೈರ್ಯವಾಗಿ ಹೇಳ್ತಾರೆ. ಅಂಥವರ ಹತ್ರ ದುಡ್ಡು ಕೊಟ್ಟು ತಗೊಳ್ಳಿ, ಆ ಶ್ರಮಕ್ಕೆ ಬೆಲೆ ಇದೆ.

ಮೊದಲ ಸಲ ಮಾಡೋರು ಅರ್ಧ ಕಿಲೋ ಎಣ್ಣೆಗಿಂತ ಹೆಚ್ಚು ಹಾಕಬೇಡಿ, ಒಬ್ಬರೇ ಮಾಡಬೇಡಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ. ಗಾಗಲ್ಸ್ ಮರೀಬೇಡಿ.